ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಪಾಚಿ ನಿಯಂತ್ರಣ: ಮೋಲಿ ಮೀನುಗಳ ಬಳಕೆ

ಮನೆ, ಶಾಲೆ, ಹೋಟೆಲು ಹಾಗೂ ಕಚೇರಿಗಳಲ್ಲಿ ಸಮುದ್ರದ ಅಲಂಕಾರಿಕ ಮೀನುಗಳನ್ನು ಸಾಕುವ ಆಸಕ್ತಿ ಕರಾವಳಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ಬೆಂಗಳೂರು, ಮೈಸೂರಿನಂತಹ ಒಳನಾಡಿನ ನಗರಗಳಲ್ಲಿಯೂ ಉಪ್ಪುನೀರಿನ ಅಕ್ವೇರಿಯಂಗಳು ಕಂಡುಬರುತ್ತವೆ. ಸಿಹಿನೀರಿನ ತೊಟ್ಟಿಗೆ ಹೋಲಿಸಿದಲ್ಲಿ ಇವುಗಳ ಸ್ಥಾಪನಾ ವೆಚ್ಚ ಹಾಗೂ ನಿರ್ವಹಣಾ ವೆಚ್ಚ ಎರಡೂ ಹೆಚ್ಚು. ಇಷ್ಟು ವೆಚ್ಚ ಮಾಡಿ ಸ್ಥಾಪಿಸಿದ ತೊಟ್ಟಿಯ ಗಾಜು, ಕಲ್ಲು ಮತ್ತು ಮರಳಿನ ಮೇಲೆ ಕೆಲವೇ ವಾರಗಳಲ್ಲಿ ಪಾಚಿ ಹರಡಿದಾಗ ಸಾಕಣೆದಾರರು ಸಾಮಾನ್ಯವಾಗಿ ಅಂಗಡಿಗೆ ಹೋಗಿ ಪಾಚಿ ತಿನ್ನುವ ಮೀನನ್ನು ಕೇಳುತ್ತಾರೆ. ಅಲ್ಲಿ ದೊರೆಯುವ ದುಬಾರಿ ಬೆಲೆಯ ಮೀನು ಸಣ್ಣ ತೊಟ್ಟಿಗೆ ಹೊಂದಿಕೊಳ್ಳದೆ ಸತ್ತುಹೋದಾಗ ಹಣವೂ ವ್ಯರ್ಥ, ಜೀವವೂ ವ್ಯರ್ಥವಾಗುತ್ತದೆ.

ಇದಕ್ಕೆ ಬದಲಾಗಿ, ರಾಜ್ಯದ ಬಹುತೇಕ ಎಲ್ಲಾ ಅಲಂಕಾರಿಕ ಮೀನು ಮಾರಾಟ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ದೊರೆಯುವ ಮೋಲಿ ಮೀನನ್ನು ಕ್ರಮಬದ್ಧವಾಗಿ ಉಪ್ಪುನೀರಿಗೆ ಒಗ್ಗಿಸಿ ಬಳಸಬಹುದಾಗಿದೆ. ಈ ವಿಧಾನ, ಅದರ ಹಿಂದಿನ ಕಾರಣ, ಅದರ ಮಿತಿಗಳು ಹಾಗೂ ಸಾಕಣೆದಾರರು ವಹಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಪಾಚಿ ಬೆಳೆಯಲು ಕಾರಣ

ಪಾಚಿಗೆ ಬೆಳಕು ಹಾಗೂ ನೀರಿನಲ್ಲಿ ಕರಗಿದ ಪೋಷಕಾಂಶಗಳು ಅವಶ್ಯಕ. ಪೋಷಕಾಂಶಗಳಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಮುಖ್ಯವಾದವು. ಮೀನು ತಿನ್ನದೆ ಬಿಟ್ಟ ಆಹಾರ, ಮೀನಿನ ಮಲಮೂತ್ರ ಮತ್ತು ಕೊಳೆತ ಜೀವಿಗಳಿಂದ ಇವು ತೊಟ್ಟಿಯಲ್ಲಿ ಸಂಗ್ರಹವಾಗುತ್ತವೆ. ಹವಳ ದಿಬ್ಬಗಳ ಸುತ್ತಲಿನ ತಿಳಿನೀರಿನಲ್ಲಿ ಇವುಗಳ ಪ್ರಮಾಣ ಅತ್ಯಲ್ಪವಾಗಿದ್ದು, ತೊಟ್ಟಿಯ ನೀರಿನಲ್ಲಿ ಅನೇಕ ಪಟ್ಟು ಹೆಚ್ಚಿರುತ್ತದೆ.

ಒಳನಾಡಿನ ಸಾಕಣೆದಾರರು ಗಮನಿಸದೇ ಹೋಗುವ ಒಂದು ಮೂಲವೆಂದರೆ ಕೊಳವೆ ಬಾವಿಯ ನೀರು. ತೊಟ್ಟಿಯಿಂದ ನೀರು ಆವಿಯಾಗುವಾಗ ಲವಣಗಳು ಉಳಿದು ನೀರು ಮಾತ್ರ ಹೋಗುವುದರಿಂದ, ಕಡಿಮೆಯಾದ ನೀರಿನ ಬದಲಿಗೆ ಸಿಹಿನೀರನ್ನೇ ಹಾಕಬೇಕಾಗುತ್ತದೆ. ರಾಜ್ಯದ ಹಲವು ಭಾಗಗಳಲ್ಲಿ ಅಂತರ್ಜಲದಲ್ಲಿ ನೈಟ್ರೇಟ್ ಇರುವುದು ತಿಳಿದ ವಿಷಯ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಈ ಮಿತಿಯಲ್ಲಿಯೇ ಇರುವ ನೀರನ್ನು 100 ಲೀಟರಿನ ತೊಟ್ಟಿಗೆ ದಿನಕ್ಕೆ 1 ಲೀಟರಿನಂತೆ ಹಾಕಿದರೆ, 30 ದಿನಗಳಲ್ಲಿ 1350 ಮಿಲಿಗ್ರಾಂ ನೈಟ್ರೇಟ್ ಸೇರಿ ತೊಟ್ಟಿಯ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ 13.5 ಮಿಲಿಗ್ರಾಂ ಏರುತ್ತದೆ. ಮನುಷ್ಯರು ಕುಡಿಯಲು ಯೋಗ್ಯವಾದ ನೀರು ಪಾಚಿಗೆ ಗೊಬ್ಬರವಾಗುವುದು ಹೀಗೆ. ಆದ್ದರಿಂದ ಆವಿಯಾದ ನೀರಿನ ಬದಲಿಗೆ ಆರ್.ಓ. ಘಟಕದಲ್ಲಿ ಶುದ್ಧೀಕರಿಸಿದ ನೀರನ್ನು ಬಳಸುವುದು ಸೂಕ್ತ.

ಎಲ್ಲಾ ಪಾಚಿಗೂ ಒಂದೇ ಚಿಕಿತ್ಸೆ ಇಲ್ಲ. ಹೊಸ ತೊಟ್ಟಿಯಲ್ಲಿ ಮೊದಲು ಕಾಣುವ ಕಂದುಬಣ್ಣದ ಪುಡಿಯಂತಹ ಪದರ ಡಯಾಟಮ್‌ಗಳದ್ದಾಗಿದ್ದು, ನೀರಿನಲ್ಲಿರುವ ಸಿಲಿಕಾ ಮುಗಿದಂತೆ ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. ಗಾಜಿನ ಮೇಲಿನ ಹಸಿರು ಪದರ ಮತ್ತು ಕಲ್ಲಿನ ಮೇಲೆ ಕೂದಲಿನಂತೆ ಬೆಳೆಯುವ ಹಸಿರು ಎಳೆಗಳು ನಿಜವಾದ ಪಾಚಿಗಳು. ಕೆಂಪು ಅಥವಾ ನೇರಳೆ ಬಣ್ಣದ ಲೋಳೆಯ ಹೊದಿಕೆಯು ಪಾಚಿಯಂತೆ ಕಂಡರೂ ಅದು ಸಯನೋಬ್ಯಾಕ್ಟೀರಿಯಾ ಆಗಿರುತ್ತದೆ. ಇದನ್ನು ಮೀನುಗಳಿಂದ ನಿಯಂತ್ರಿಸಲು ಸಾಧ್ಯವಿಲ್ಲವೆಂದೇ ತಿಳಿಯತಕ್ಕದ್ದು. ಕಲ್ಲಿಗೆ ಅಂಟಿದ ಗುಲಾಬಿ ಬಣ್ಣದ ಗಟ್ಟಿ ಪದರ ಸುಣ್ಣಯುಕ್ತ ಪಾಚಿಯಾಗಿದ್ದು, ತೊಟ್ಟಿ ಉತ್ತಮ ಸ್ಥಿತಿಯಲ್ಲಿರುವುದರ ಗುರುತು. ಅದನ್ನು ಕೆರೆದು ತೆಗೆಯಬಾರದು.

ಮೀನಿನಿಂದ ಆಗುವುದು ಮತ್ತು ಆಗದಿರುವುದು

ಪಾಚಿ ತಿನ್ನುವ ಮೀನು ಪಾಚಿಯನ್ನು ತಿನ್ನುತ್ತದೆಯೇ ಹೊರತು ಪಾಚಿಯ ಕಾರಣವನ್ನು ತಿನ್ನುವುದಿಲ್ಲ. ತಿಂದ ಪಾಚಿಯಲ್ಲಿದ್ದ ಸಾರಜನಕ ಮತ್ತು ರಂಜಕದ ಬಹುಭಾಗ ಮಲಮೂತ್ರವಾಗಿ ಅದೇ ನೀರಿಗೆ ಮರಳುತ್ತದೆ. ಈ ಪೋಷಕಾಂಶಗಳನ್ನು ತೊಟ್ಟಿಯಿಂದ ಹೊರಹಾಕಲು ನಿಯಮಿತವಾಗಿ ನೀರು ಬದಲಿಸುವುದು, ಪ್ರೋಟೀನ್ ಸ್ಕಿಮ್ಮರ್ ಬಳಸುವುದು ಅಥವಾ ಪ್ರತ್ಯೇಕ ಕೋಣೆಯಲ್ಲಿ ಉಪಯುಕ್ತ ಕಡಲ ಪಾಚಿಯನ್ನು ಬೆಳೆಸಿ ಕಾಲಕಾಲಕ್ಕೆ ಕಿತ್ತು ತೆಗೆಯುವುದು ಅವಶ್ಯವಿರುತ್ತದೆ. ಬೆಳಕನ್ನು ದಿನಕ್ಕೆ ಸುಮಾರು 8 ಗಂಟೆಗಳಿಗೆ ಮಿತಗೊಳಿಸುವುದು ಹಾಗೂ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳುವುದು ಸಹ ಮುಖ್ಯ.

ಹಾಗಾದರೆ ಮೀನು ಏಕೆ ಬೇಕು ಎಂಬ ಪ್ರಶ್ನೆ ಸಹಜ. ಪೋಷಕಾಂಶವನ್ನು ಎಷ್ಟೇ ನಿಯಂತ್ರಿಸಿದರೂ ತೊಟ್ಟಿಯಲ್ಲಿ ಸ್ವಲ್ಪ ಪಾಚಿ ಬೆಳೆದೇ ಬೆಳೆಯುತ್ತದೆ. ಸಮುದ್ರದಲ್ಲಿಯೂ ಬೆಳೆಯುತ್ತದೆ, ಲಕ್ಷದ್ವೀಪದಂತಹ ಹವಳ ದಿಬ್ಬಗಳಲ್ಲಿ ಸರ್ಜನ್ ಮೀನು, ಗಿಣಿಮೀನು ಮೊದಲಾದವು ದಿನವಿಡೀ ಅದನ್ನು ಮೇಯುತ್ತಿರುವುದರಿಂದ ಹವಳಗಳನ್ನು ಮುಚ್ಚುವಷ್ಟು ಹರಡುವುದಿಲ್ಲ. ತೊಟ್ಟಿಯಲ್ಲಿ ಈ ಮೇಯುವ ಕೆಲಸವನ್ನು ಯಾರಾದರೂ ಮಾಡಬೇಕು: ಸಾಕಣೆದಾರರ ಕೈಯಲ್ಲಿನ ಉಜ್ಜುಗ, ಶಂಖದ ಹುಳುಗಳು ಅಥವಾ ಮೀನು.

ಈ ಉದ್ದೇಶಕ್ಕೆ ಸಾಮಾನ್ಯವಾಗಿ ಮಾರಾಟವಾಗುವ ಸರ್ಜನ್ ಮೀನುಗಳು ಅತ್ಯುತ್ತಮವಾಗಿ ಮೇಯುತ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವು ವಿಶಾಲವಾಗಿ ಈಜಾಡುವ ಮೀನುಗಳು. ನೂರು, ಇನ್ನೂರು ಲೀಟರಿನ ಮನೆ ತೊಟ್ಟಿಗಳು ಇವುಗಳಿಗೆ ಸಾಲುವುದಿಲ್ಲ. ಇಕ್ಕಟ್ಟಿನಲ್ಲಿ ಬಿಳಿಚುಕ್ಕೆ ರೋಗಕ್ಕೆ ಬೇಗನೆ ತುತ್ತಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಇಂದಿಗೂ ಹವಳ ದಿಬ್ಬಗಳಿಂದ ಹಿಡಿದು ತಂದವುಗಳೇ ಆಗಿರುತ್ತವೆ. ಪಾಚಿ ಮೇಯುವ ಬ್ಲೆನ್ನಿ ಜಾತಿಯ ಸಣ್ಣ ಮೀನುಗಳು ಸಣ್ಣ ತೊಟ್ಟಿಗೆ ಹೊಂದುತ್ತವೆಯಾದರೂ, ಪಾಚಿ ಮುಗಿದ ಬಳಿಕ ಹಲವು ಮೀನುಗಳು ಒಣ ಆಹಾರವನ್ನು ಮುಟ್ಟದೆ ಸೊರಗುತ್ತವೆ. ಮೋಲಿ ಮೀನಿಗೆ ಈ ಎರಡೂ ತೊಂದರೆಗಳಿಲ್ಲ. ಅದು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿ ಬೆಳೆದದ್ದು. ಪಾಚಿ ಇದ್ದರೆ ಪಾಚಿ, ಇಲ್ಲದಿದ್ದರೆ ಕೊಟ್ಟ ಆಹಾರವನ್ನು ತಿಂದು ಬದುಕುತ್ತದೆ.

ಮೋಲಿ ಮೀನಿನ ಪರಿಚಯ

ಮೋಲಿಗಳು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಮೀನುಗಳು. ರಾಜ್ಯದಲ್ಲಿ ಸೊಳ್ಳೆ ಮರಿಗಳ ನಿಯಂತ್ರಣಕ್ಕಾಗಿ ಬಾವಿ, ತೊಟ್ಟಿಗಳಿಗೆ ಬಿಡುವ ಗಪ್ಪಿ ಹಾಗೂ ಗ್ಯಾಂಬೂಸಿಯಾ ಮೀನುಗಳು ಇದೇ ಕುಟುಂಬಕ್ಕೆ ಸೇರಿವೆ. ಮಳಿಗೆಗಳಲ್ಲಿ ಕಪ್ಪು ಮೋಲಿ, ಬಿಳಿ ಮೋಲಿ, ಬಲೂನ್ ಮೋಲಿ, ಸೈಲ್‌ಫಿನ್ ಮೋಲಿ ಎಂಬ ಹೆಸರುಗಳಲ್ಲಿ ದೊರೆಯುವ ಮೀನುಗಳು ಮೂಲತಃ ಅಮೆರಿಕ ಖಂಡದ ಎರಡು ಮೂರು ಜಾತಿಗಳಿಂದ ಆಯ್ಕೆ ಮಾಡಿ ಬೆಳೆಸಿದ ತಳಿಗಳು.

ಇವುಗಳ ಪೈಕಿ ಸೈಲ್‌ಫಿನ್ ಮೋಲಿಯ ಸ್ವಾಭಾವಿಕ ನೆಲೆಯನ್ನು ಗಮನಿಸಿದರೆ ಅದರ ಹೊಂದಿಕೊಳ್ಳುವ ಶಕ್ತಿ ಅರ್ಥವಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕೆರೊಲಿನಾದಿಂದ ಮೆಕ್ಸಿಕೋದವರೆಗಿನ ಕರಾವಳಿಯ ಜೌಗು ಪ್ರದೇಶ, ಅಳಿವೆ, ಹಿನ್ನೀರು ಮತ್ತು ಕಾಲುವೆಗಳಲ್ಲಿ ಇದು ವಾಸಿಸುತ್ತದೆ. ಇಂತಹ ಜಾಗಗಳಲ್ಲಿ ಮಳೆ ಬಂದಾಗ ನೀರು ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಬತ್ತಿದಾಗ ಉಪ್ಪು ಏರುತ್ತದೆ. ಸಮುದ್ರದ ನೀರಿಗಿಂತ ಎರಡು ಪಟ್ಟು ಉಪ್ಪಾದ ನೀರಿನಲ್ಲಿಯೂ ಈ ಮೀನು ಬದುಕಬಲ್ಲದು. ಆದರೆ ಅಂಗಡಿಯ ಮೋಲಿಗಳು ತಲೆಮಾರುಗಳಿಂದ ಸಿಹಿನೀರಿನಲ್ಲಿಯೇ ಬೆಳೆದಿರುತ್ತವೆ. ಶಕ್ತಿ ಅವುಗಳಲ್ಲಿ ಉಳಿದಿದೆ. ಅದನ್ನು ಎಬ್ಬಿಸಲು ಕಾಲಾವಕಾಶ ನೀಡಬೇಕು.

ಒಗ್ಗಿಸುವಾಗ ಮೀನಿನ ದೇಹದಲ್ಲಿ ಆಗುವ ಬದಲಾವಣೆ

ಮೋಲಿಯನ್ನು ನೇರವಾಗಿ ಉಪ್ಪುನೀರಿಗೆ ಹಾಕಿ, ಅದು ಸತ್ತ ಬಳಿಕ ಈ ವಿಧಾನವೇ ಸರಿಯಿಲ್ಲವೆಂದು ಹೇಳುವವರಿದ್ದಾರೆ. ಏಕೆ ಸಾಯುತ್ತದೆಂದು ತಿಳಿದರೆ ಮುಂದೆ ನೀಡಿರುವ ಕ್ರಮದ ಪ್ರತಿ ಹಂತವೂ ಸ್ಪಷ್ಟವಾಗುತ್ತದೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಮೋಲಿಯಂತಹ ಮೀನಿನ ರಕ್ತದ ಲವಣಾಂಶ ಇದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಮೀನು ಸಿಹಿನೀರಿನಲ್ಲಿರುವಾಗ ಸುತ್ತಲಿನ ನೀರಿಗಿಂತ ರಕ್ತವೇ ಹೆಚ್ಚು ಉಪ್ಪಾಗಿರುವುದರಿಂದ ನೀರು ಕಿವಿರುಗಳ ಮೂಲಕ ಸತತವಾಗಿ ದೇಹದೊಳಗೆ ಬರುತ್ತದೆ. ಮೂತ್ರಪಿಂಡಗಳು ಅದನ್ನು ತೆಳುವಾದ ಮೂತ್ರವಾಗಿ ಹೊರಹಾಕುತ್ತವೆ. ಕಿವಿರಿನ ವಿಶೇಷ ಜೀವಕೋಶಗಳು ನೀರಿನಲ್ಲಿರುವ ಅಲ್ಪ ಲವಣವನ್ನು ಹೀರಿ ಒಳಗೆ ತರುತ್ತವೆ. ಸಮುದ್ರದಲ್ಲಿ ಇದೆಲ್ಲವೂ ತಿರುಗುಮುರುಗಾಗುತ್ತದೆ. ದೇಹದ ನೀರು ಹೊರಗೆ ಹೋಗತೊಡಗುತ್ತದೆ. ಮೀನು ಸಮುದ್ರದ ನೀರನ್ನೇ ಕುಡಿಯಬೇಕು, ಮೂತ್ರವನ್ನು ಕಡಿಮೆ ಮಾಡಬೇಕು ಮತ್ತು ಕುಡಿದ ನೀರಿನೊಡನೆ ಬಂದ ಹೆಚ್ಚುವರಿ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕಬೇಕು.

ಅಂದರೆ ಲವಣವನ್ನು ಒಳತರುತ್ತಿದ್ದ ಕಿವಿರು ಈಗ ಹೊರಹಾಕುವ ಕೆಲಸಕ್ಕೆ ತಿರುಗಬೇಕಾಗುತ್ತದೆ. ಇದಕ್ಕೆ ಬೇಕಾದ ಜೀವಕೋಶಗಳು ಹೊಸದಾಗಿ ರೂಪುಗೊಳ್ಳಲು ಕೆಲವು ದಿನಗಳು ಹಿಡಿಯುತ್ತವೆ. ಈ ಬದಲಾವಣೆಗೆ ಮುನ್ನವೇ ಸಮುದ್ರದ ನೀರಿಗೆ ಬಿಟ್ಟ ಮೀನು, ಸುತ್ತಲೂ ನೀರಿದ್ದರೂ ನಿರ್ಜಲೀಕರಣದಿಂದ ಸಾಯಬಹುದು.

ಇದರಿಂದ ತಿಳಿಯುವ ಮತ್ತೊಂದು ಸಂಗತಿ ಇದೆ. ಲೀಟರಿಗೆ ಸುಮಾರು 12 ಗ್ರಾಂ ತಲುಪುವವರೆಗೆ ಮೀನಿಗೆ ಹೆಚ್ಚಿನ ಶ್ರಮವಿಲ್ಲ. ಅದು ಅದರ ರಕ್ತದ ಲವಣಾಂಶಕ್ಕೆ ಸಮೀಪವಾದ ಮಟ್ಟ. ನಿಜವಾದ ಪರೀಕ್ಷೆ ಅಲ್ಲಿಂದ ಮೇಲೆ. ಆದ್ದರಿಂದ ಮೊದಲ ಹಂತವನ್ನು ಸ್ವಲ್ಪ ಬೇಗನೆ ದಾಟಿ, ಆ ಬಳಿಕ ನಿಧಾನಿಸುವುದು ಸರಿಯಾದ ಕ್ರಮ.

ಒಗ್ಗಿಸುವ ಕ್ರಮ

ಮುಖ್ಯ ತೊಟ್ಟಿಯಲ್ಲಿ ಒಗ್ಗಿಸುವ ಪ್ರಯತ್ನ ಮಾಡಬಾರದು. ಸುಮಾರು 30 ಲೀಟರು ಹಿಡಿಸುವ ಪ್ರತ್ಯೇಕ ತೊಟ್ಟಿ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ 20 ಲೀಟರು ಸಿಹಿನೀರು ತುಂಬಿ, ಏರ್ ಪಂಪ್, ಸ್ಪಂಜಿನ ಫಿಲ್ಟರ್ ಹಾಗೂ ಮುಚ್ಚಳ ಅಳವಡಿಸತಕ್ಕದ್ದು. ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಗಳೂರಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಸಣ್ಣ ತೊಟ್ಟಿಯ ನೀರು ಇದಕ್ಕಿಂತ ಬಹಳಷ್ಟು ತಣ್ಣಗಾಗುವುದರಿಂದ ಹೀಟರ್ ಅವಶ್ಯವಿರುತ್ತದೆ. ನಲ್ಲಿ ನೀರನ್ನು ಬಳಸುವುದಾದಲ್ಲಿ ಅದರಲ್ಲಿರುವ ಕ್ಲೋರಿನ್ ಅನ್ನು ನಿವಾರಿಸಿದ ನಂತರವೇ ಬಳಸಬೇಕು. ಈ ಪ್ರಮಾಣದ ನೀರಿಗೆ 3 ಅಥವಾ 4 ಚಿಕ್ಕ ಮೋಲಿಗಳು ಸಾಕು. ಎಳೆಯ, ಚುರುಕಾದ ಮೀನುಗಳನ್ನು ಆಯ್ದುಕೊಳ್ಳುವುದು ಒಳ್ಳೆಯದು. ಬಲೂನ್ ಮೋಲಿಗಳು ನೋಡಲು ಚೆಂದವಿದ್ದರೂ ಅವುಗಳ ಬೆನ್ನೆಲುಬು ವಕ್ರವಾಗಿದ್ದು ಈಜುವ ಶಕ್ತಿ ಕಡಿಮೆ. ಈ ಕೆಲಸಕ್ಕೆ ಅವು ತಕ್ಕವಲ್ಲ.

ಅಂಗಡಿಯಿಂದ ತಂದ ಮೀನುಗಳನ್ನು ಮೊದಲ ಒಂದು ವಾರ ಸಿಹಿನೀರಿನಲ್ಲಿಯೇ ಇರಿಸಿ, ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ 2 ಲೀಟರು ನೀರನ್ನು ಹೊರತೆಗೆದು, ಅಷ್ಟೇ ಪ್ರಮಾಣದ ಉಪ್ಪುನೀರನ್ನು ಸಣ್ಣ ಕೊಳವೆಯ ಮೂಲಕ ಹನಿಹನಿಯಾಗಿ ಸೇರಿಸಬೇಕು. ಇದಕ್ಕೆ ಹೊಸ ಉಪ್ಪುನೀರನ್ನೇ ತಯಾರಿಸಬೇಕೆಂದಿಲ್ಲ. ಮುಖ್ಯ ತೊಟ್ಟಿಯ ನೀರು ಬದಲಿಸುವಾಗ ಹೊರಹಾಕುವ ನೀರನ್ನೇ ಬಳಸಿದರೆ ವೆಚ್ಚ ಉಳಿಯುವುದಲ್ಲದೆ, ಮೀನುಗಳು ಮುಂದೆ ವಾಸಿಸಬೇಕಾದ ನೀರಿಗೇ ಒಗ್ಗುತ್ತವೆ.

ಈ ಕ್ರಮದಲ್ಲಿ 35 ಗ್ರಾಂ ಲವಣವಿರುವ ನೀರು ಬಳಸಿದಲ್ಲಿ, ಎರಡನೆಯ ದಿನದ ಕೊನೆಗೆ ತೊಟ್ಟಿಯ ಲವಣಾಂಶ ಲೀಟರಿಗೆ ಸುಮಾರು 12 ಗ್ರಾಂ, ನಾಲ್ಕನೆಯ ದಿನ 20 ಗ್ರಾಂ, ಏಳನೆಯ ದಿನ 27 ಗ್ರಾಂ ತಲುಪುತ್ತದೆ. ಪ್ರತಿ ಬಾರಿಯೂ ಅದೇ 2 ಲೀಟರು ಬದಲಿಸಿದರೂ ಏರಿಕೆ ತಾನಾಗಿಯೇ ಕಡಿಮೆಯಾಗುತ್ತಾ ಹೋಗುವುದು ಈ ವಿಧಾನದ ಅನುಕೂಲ. ಮೀನಿಗೆ ಕಷ್ಟವಾಗುವ ಹಂತದಲ್ಲಿಯೇ ನೀರು ನಿಧಾನವಾಗಿ ಬದಲಾಗುತ್ತದೆ. ಎಂಟನೆಯ ಮತ್ತು ಒಂಬತ್ತನೆಯ ದಿನಗಳಲ್ಲಿ ಪ್ರತಿ ಸಲ 4 ಲೀಟರಿನಂತೆ ಬದಲಿಸಿದರೆ ಲವಣಾಂಶ 31 ಗ್ರಾಂ ದಾಟುತ್ತದೆ. ಅಲ್ಲಿಗೆ ಮೀನು ಬಹುಮಟ್ಟಿಗೆ ಸಮುದ್ರದ ಮೀನಾಗಿರುತ್ತದೆ. ಇಡೀ ಕ್ರಮಕ್ಕೆ 44 ಲೀಟರು ಉಪ್ಪುನೀರು ಬೇಕಾಗುತ್ತದೆ.

ಇದಕ್ಕಿಂತ ಬೇಗನೆ, ಕೆಲವೇ ಗಂಟೆಗಳಲ್ಲಿ ಒಗ್ಗಿಸಿ ಯಶಸ್ವಿಯಾದವರೂ ಇದ್ದಾರೆ. ಒಂಬತ್ತು ದಿನಗಳ ಕ್ರಮದಲ್ಲಿ ಕಳೆದುಕೊಳ್ಳುವುದೇನೂ ಇಲ್ಲವಾದ್ದರಿಂದ ಅವಸರದ ಅಗತ್ಯ ಕಾಣುವುದಿಲ್ಲ.

ಪ್ರತಿ ಹಂತದಲ್ಲಿ ಹೈಡ್ರೋಮೀಟರ್ ಅಥವಾ ರಿಫ್ರಾಕ್ಟೋಮೀಟರ್‌ನಿಂದ ಅಳತೆ ಮಾಡಿ ಬರೆದಿಡುವುದು ಸೂಕ್ತ. ಹೈಡ್ರೋಮೀಟರ್‌ನಲ್ಲಿ ಸಿಹಿನೀರು 1.000 ಎಂದೂ, ಸಮುದ್ರದ ನೀರು ಸುಮಾರು 1.025ರಿಂದ 1.026 ಎಂದೂ ಕಾಣುತ್ತದೆ. ಮೀನು ಮುಂದೆ ಸಾಗದೆ ನಿಂತಲ್ಲಿಯೇ ದೇಹವನ್ನು ಅಲುಗಾಡಿಸುವುದು, ರೆಕ್ಕೆಗಳನ್ನು ಮುದುಡಿಕೊಳ್ಳುವುದು ಅಥವಾ ಆಹಾರ ಬಿಡುವುದು ಕಂಡುಬಂದಲ್ಲಿ ಎರಡು ದಿನ ಏರಿಕೆಯನ್ನು ನಿಲ್ಲಿಸಬೇಕು. ಸುಧಾರಿಸದಿದ್ದಲ್ಲಿ ಸ್ವಲ್ಪ ಸಿಹಿನೀರು ಸೇರಿಸಿ ಹಿಂದಿನ ಹಂತಕ್ಕೆ ಮರಳಬೇಕು.

ಈ ದಿನಗಳಲ್ಲಿ ಮೀನಿನಷ್ಟೇ ಫಿಲ್ಟರ್‌ನ ಕಡೆಗೂ ಗಮನವಿರಲಿ. ಮಲಮೂತ್ರದಿಂದ ಬರುವ ಅಮೋನಿಯಾವನ್ನು ಪರಿವರ್ತಿಸುವ ಸಿಹಿನೀರಿನ ಬ್ಯಾಕ್ಟೀರಿಯಾಗಳು ಉಪ್ಪು ಏರಿದಂತೆ ಮಂದಗೊಳ್ಳುತ್ತವೆ. ಸಮುದ್ರದ ನೀರು ಕ್ಷಾರೀಯವಾಗಿರುವುದರಿಂದ ಅಮೋನಿಯಾ ಅದರಲ್ಲಿ ಹೆಚ್ಚು ವಿಷಕಾರಿ. ಉಪ್ಪಿನಿಂದ ಸತ್ತವೆಂದು ತಿಳಿಯುವ ಮೋಲಿಗಳಲ್ಲಿ ಕೆಲವು ವಾಸ್ತವವಾಗಿ ಅಮೋನಿಯಾದಿಂದ ಸತ್ತಿರಬಹುದು. ಆದ್ದರಿಂದ ಆಹಾರವನ್ನು ಬಹಳ ಕಡಿಮೆ ನೀಡಿ, ಪರೀಕ್ಷಾ ಕಿಟ್‌ನಿಂದ ಅಮೋನಿಯಾ ಪರೀಕ್ಷಿಸುತ್ತಿರಬೇಕು.

ಬಳಸುವ ಉಪ್ಪಿನ ಬಗ್ಗೆಯೂ ಒಂದು ಸೂಚನೆ. ಅಡುಗೆ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಮೊದಲಾದವು ನಿಗದಿತ ಪ್ರಮಾಣದಲ್ಲಿರುತ್ತವೆ. ಆದುದರಿಂದ ಅಕ್ವೇರಿಯಂಗಾಗಿ ತಯಾರಿಸಿದ ಸಮುದ್ರ ಲವಣವನ್ನೇ ಬಳಸತಕ್ಕದ್ದು. ಕರಾವಳಿಯವರು ಸಮುದ್ರದಿಂದ ನೇರವಾಗಿ ನೀರು ತರುವುದಾದಲ್ಲಿ ನದಿ ಸೇರುವ ಅಳಿವೆ ಮತ್ತು ಬಂದರುಗಳಿಂದ ದೂರವಾದ ಸ್ಥಳವನ್ನು ಆರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿ, ಶರಾವತಿ, ಕಾಳಿ ಮೊದಲಾದ ನದಿಗಳ ಪ್ರವಾಹದಿಂದ ದಡದ ನೀರಿನ ಲವಣಾಂಶ ಗಣನೀಯವಾಗಿ ಇಳಿಯುತ್ತದೆ. ನೋಟಕ್ಕೆ ಸಮುದ್ರದ ನೀರೇ ಆದರೂ ಅಳೆಯದೆ ಬಳಸುವಂತಿಲ್ಲ.

ಮುಖ್ಯ ತೊಟ್ಟಿಯಲ್ಲಿ ನಿರ್ವಹಣೆ

ಒಗ್ಗಿದ ಮೋಲಿಗಳನ್ನು ಇನ್ನೂ ಕೆಲವು ದಿನ ಪೂರ್ಣ ಉಪ್ಪುನೀರಿನಲ್ಲಿ ಪ್ರತ್ಯೇಕವಾಗಿರಿಸಿ ಗಮನಿಸಿ, ನಂತರ ಮುಖ್ಯ ತೊಟ್ಟಿಗೆ ಬಿಡಬಹುದು. ಸುಮಾರು 200 ಲೀಟರಿನ ತೊಟ್ಟಿಗೆ 4 ಅಥವಾ 5 ಮೋಲಿಗಳು ಸಾಕಾಗುತ್ತವೆ. ಒಂದು ಗಂಡಿಗೆ ಎರಡು ಅಥವಾ ಮೂರು ಹೆಣ್ಣು ಇದ್ದರೆ ಗಂಡು ಒಂದೇ ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ ದಣಿಸುವುದು ತಪ್ಪುತ್ತದೆ. ಕ್ಲೌನ್ ಮೀನು, ಗೋಬಿ ಮೊದಲಾದ ಶಾಂತ ಮೀನುಗಳೊಂದಿಗೆ ಮೋಲಿಗಳು ಹೊಂದಿಕೊಳ್ಳುತ್ತವೆ. ಸಿಂಹಮೀನು, ಟ್ರಿಗರ್ ಮೀನು ಮತ್ತು ಗುರ್ಕಾ ಜಾತಿಯ ಮೀನುಗಳಿರುವ ತೊಟ್ಟಿಯಲ್ಲಿ ಮೋಲಿಯೇ ಆಹಾರವಾಗುತ್ತದೆ. ರಭಸದ ಪ್ರವಾಹಕ್ಕೆ ಎದುರಾಗಿ ದಿನವಿಡೀ ಈಜುವ ಶಕ್ತಿ ಮೋಲಿಗೆ ಇಲ್ಲದಿರುವುದರಿಂದ, ಬಲವಾದ ಪಂಪ್‌ಗಳಿರುವ ಹವಳದ ತೊಟ್ಟಿಗಳಲ್ಲಿ ನೀರು ಶಾಂತವಾಗಿರುವ ಒಂದು ಮೂಲೆಯಾದರೂ ಇರಬೇಕು. ಮೋಲಿಗಳು ಮೇಲ್ಭಾಗದಲ್ಲಿ ಸುಳಿದಾಡುವ ಸ್ವಭಾವದವು; ಹೊರಗೆ ಜಿಗಿಯದಂತೆ ಮುಚ್ಚಳವಿರಬೇಕು.

ಮೋಲಿಗಳು ಗಾಜು ಹಾಗೂ ಕಲ್ಲಿನ ಮೇಲಿನ ತೆಳು ಪದರದ ಪಾಚಿಯನ್ನು, ಡಯಾಟಮ್‌ಗಳನ್ನು ಮತ್ತು ಮೃದುವಾದ ಗಿಡ್ಡ ಎಳೆಗಳನ್ನು ದಿನವಿಡೀ ಕಚ್ಚಿ ತಿನ್ನುತ್ತವೆ. ಉದ್ದವಾಗಿ ಬೆಳೆದ ಎಳೆಗಳನ್ನು ಮೊದಲು ಕೈಯಿಂದ ಕಿತ್ತು ತೆಗೆದು, ಮತ್ತೆ ಚಿಗುರುವುದನ್ನು ಮೀನುಗಳಿಗೆ ಬಿಡುವುದೇ ಪರಿಣಾಮಕಾರಿ. ಗುಳ್ಳೆಯಾಕಾರದ ಗಟ್ಟಿ ಪಾಚಿಯನ್ನು ಇವು ಮುಟ್ಟುವುದಿಲ್ಲ. ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಮೀನು ಪಾಚಿ ತಿನ್ನುತ್ತಿಲ್ಲವೆಂಬ ದೂರಿಗೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಒಂದೇ: ಒಣ ಆಹಾರವನ್ನು ಹೊಟ್ಟೆ ತುಂಬ ನೀಡುತ್ತಿರುವುದು. ಸುಲಭವಾಗಿ ಸಿಗುವ ಊಟ ಬಿಟ್ಟು ಕಲ್ಲು ಕೆರೆಯುವ ಮೀನು ಯಾವುದೂ ಇಲ್ಲ. ಪಾಚಿ ಮುಗಿದ ಬಳಿಕ ಮಾತ್ರ ಸಸ್ಯಾಧಾರಿತ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ನೀಡಬೇಕು.

ಸಿಹಿನೀರಿನಿಂದ ಬಂದ ಮೀನಿಗೆ ಸಮುದ್ರದ ರೋಗಗಳು ತಗಲುವುದಿಲ್ಲ ಎಂಬ ನಂಬಿಕೆ ತಪ್ಪು. ಸಿಹಿನೀರಿನ ಪರಾವಲಂಬಿಗಳು ಉಪ್ಪಿನಲ್ಲಿ ನಾಶವಾಗುವುದು ನಿಜವಾದರೂ, ಕಡಲ ಬಿಳಿಚುಕ್ಕೆ ರೋಗವು ಉಪ್ಪುನೀರಿನಲ್ಲಿರುವ ಮೋಲಿಗೂ ಬರುತ್ತದೆ. ತೊಟ್ಟಿಯಲ್ಲಿ ಈ ರೋಗವಿದ್ದಲ್ಲಿ ಮೊದಲು ಚಿಕಿತ್ಸೆ ನೀಡಿ, ಆಮೇಲೆ ಹೊಸ ಮೀನು ಬಿಡಬೇಕು.

ಮೋಲಿಗಳು ಉಪ್ಪುನೀರಿನಲ್ಲಿಯೂ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತವೆ. ಉಪ್ಪುನೀರಿನಲ್ಲಿ ಹುಟ್ಟಿದ ಮರಿಗಳಿಗೆ ಒಗ್ಗಿಸುವ ಅಗತ್ಯವಿರುವುದಿಲ್ಲ. ಇತರ ಮೀನುಗಳಿರುವ ತೊಟ್ಟಿಯಲ್ಲಿ ಹೆಚ್ಚಿನ ಮರಿಗಳು ಅವುಗಳಿಗೆ ಆಹಾರವಾಗುತ್ತವೆ. ಪ್ರತ್ಯೇಕಿಸಿ ಬೆಳೆಸಿದವುಗಳನ್ನು ಇತರ ಸಾಕಣೆದಾರರಿಗೆ ನೀಡಬಹುದು. ಆದರೆ ಅವುಗಳನ್ನು ಮತ್ತೆ ಸಿಹಿನೀರಿನ ತೊಟ್ಟಿಗೆ ಬಿಡುವುದಾದರೆ ಅದೇ ರೀತಿ ನಿಧಾನವಾಗಿಯೇ ಬದಲಿಸಬೇಕು.

ಜಲಮೂಲಗಳಿಗೆ ಬಿಡಬಾರದು

ಹೆಚ್ಚಾದ ಮರಿಗಳನ್ನು ಕೆರೆ, ಬಾವಿ, ಹೊಳೆ ಅಥವಾ ಸಮುದ್ರಕ್ಕೆ ಬಿಡುವುದು ಪುಣ್ಯದ ಕೆಲಸವೆಂದು ಭಾವಿಸುವವರಿದ್ದಾರೆ. ಮೋಲಿಯ ವಿಷಯದಲ್ಲಿ ಇದು ವಿಶೇಷವಾಗಿ ಅಪಾಯಕಾರಿ. ಸಾಮಾನ್ಯ ಸಿಹಿನೀರಿನ ಅಲಂಕಾರಿಕ ಮೀನು ಅಳಿವೆಯ ಉಪ್ಪಿಗೆ ಸಿಲುಕಿ ಸಾಯಬಹುದು. ಸಮುದ್ರದ ಮೀನು ಹೊಳೆಯಲ್ಲಿ ಬದುಕದು. ಮೋಲಿಗೆ ಎರಡೂ ಸಮ. ತೊಟ್ಟಿಯಲ್ಲಿ ಅದನ್ನು ಉಪಯುಕ್ತವಾಗಿಸುವ ಗುಣವೇ ಹೊರಗೆ ಅದನ್ನು ತಡೆಯಲಾಗದಂತೆ ಮಾಡುತ್ತದೆ. ಜೊತೆಗೆ ಗರ್ಭ ಧರಿಸಿದ ಒಂದೇ ಹೆಣ್ಣು ಒಂದು ಸಂತತಿಯನ್ನು ಆರಂಭಿಸಲು ಸಾಕು.

ಇದು ಊಹೆಯ ಮಾತಲ್ಲ. 1905ರಲ್ಲಿ ಸೊಳ್ಳೆ ನಿಯಂತ್ರಣಕ್ಕಾಗಿ ಹವಾಯಿ ದ್ವೀಪಗಳಿಗೆ ಒಯ್ದ ಸೈಲ್‌ಫಿನ್ ಮೋಲಿಗಳು ಅಲ್ಲಿ ನೆಲೆಯೂರಿ ಇಂದಿಗೂ ಉಳಿದಿವೆ. ನಮ್ಮ ದೇಶಕ್ಕೆ 1928ರಲ್ಲಿ ಇದೇ ಉದ್ದೇಶಕ್ಕೆ ತಂದ ಗ್ಯಾಂಬೂಸಿಯಾ ಮೀನು ಇಂದು ಅನೇಕ ಜಲಮೂಲಗಳಲ್ಲಿ ಹರಡಿದ್ದು, ಸ್ಥಳೀಯ ಸಣ್ಣ ಮೀನುಗಳಿಗೆ ಹಾಗೂ ಕಪ್ಪೆಯ ಗೊದಮೊಟ್ಟೆಗಳಿಗೆ ಹಾನಿಯುಂಟುಮಾಡುವುದು ಕಂಡುಬಂದಿದೆ. ಅಘನಾಶಿನಿ, ಕಾಳಿ, ಶರಾವತಿ ನದಿಗಳ ಅಳಿವೆಗಳು ಸ್ಥಳೀಯ ಮೀನು ಮತ್ತು ಸಿಗಡಿಗಳ ಮರಿಗಳು ಬೆಳೆಯುವ ತಾಣಗಳಾಗಿದ್ದು, ಸಾವಿರಾರು ಮೀನುಗಾರ ಕುಟುಂಬಗಳ ಜೀವನೋಪಾಯ ಅವುಗಳನ್ನು ಅವಲಂಬಿಸಿದೆ. ಬೇಡವಾದ ಮೀನುಗಳನ್ನು ಅಂಗಡಿಗೆ ಮರಳಿಸುವುದು ಅಥವಾ ಬೇರೆ ಸಾಕಣೆದಾರರಿಗೆ ಕೊಡುವುದು ಸೂಕ್ತ. ತೊಟ್ಟಿಯ ನೀರನ್ನು ಸಹ ಹಳ್ಳಕೊಳ್ಳಗಳಿಗೆ ಸುರಿಯಬಾರದು, ಅದರಲ್ಲಿ ಮರಿಗಳಿರಬಹುದು.

ಕಾನೂನಿನ ಅಂಶಗಳು

ತೊಟ್ಟಿಯ ಅಲಂಕಾರಕ್ಕಾಗಿ ಹವಳ ಅಥವಾ ಹವಳದ ಕಲ್ಲುಗಳನ್ನು ಸಮುದ್ರದಿಂದ ಸಂಗ್ರಹಿಸುವುದು, ಮಾರುವುದು ಮತ್ತು ಕೊಳ್ಳುವುದು ಅಪರಾಧ. ಹವಳಗಳು, ಸಮುದ್ರ ಬೀಸಣಿಗೆ, ಸಮುದ್ರ ಕುದುರೆ, ಸಮುದ್ರ ಸೌತೆ ಹಾಗೂ ದೈತ್ಯ ಕಪ್ಪೆಚಿಪ್ಪುಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪರಿಶಿಷ್ಟಗಳಿಗೆ ಸೇರಿಸಲಾಗಿದೆ. 2022ರ ತಿದ್ದುಪಡಿಯಲ್ಲಿ ಪರಿಶಿಷ್ಟಗಳನ್ನು ಮರುರೂಪಿಸಲಾಗಿದ್ದರೂ ಹವಳಗಳಿಗೆ ರಕ್ಷಣೆ ಮುಂದುವರಿದಿದೆ. ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳಿಗೂ ಇದು ಅನ್ವಯಿಸುತ್ತದೆ. ಸತ್ತ ಹವಳದ ತುಂಡಾಗಿದ್ದರೂ ವಿನಾಯಿತಿ ಇಲ್ಲವೆಂಬುದನ್ನು ಸಾಕಣೆದಾರರು ಗಮನಿಸತಕ್ಕದ್ದು. ಸಿಮೆಂಟು ಅಥವಾ ಸೆರಾಮಿಕ್‌ನಿಂದ ತಯಾರಿಸಿದ ಕಲ್ಲುಗಳು ಇದೇ ಉದ್ದೇಶವನ್ನು ಪೂರೈಸುತ್ತವೆ. ಮೋಲಿಗಳು ಮೇಯಲು ಅವು ಸಾಕು.

ಸಾಕಣೆ ಘಟಕ ಸ್ಥಾಪಿಸಲು ಇಚ್ಛಿಸುವವರಿಗೆ

ಮೋಲಿಗಳನ್ನು ಉಪ್ಪುನೀರಿಗೆ ಒಗ್ಗಿಸಿ ಮಾರುವುದನ್ನು ಸಣ್ಣ ಪ್ರಮಾಣದ ಅಲಂಕಾರಿಕ ಮೀನು ಘಟಕಗಳು ಉಪ ಉತ್ಪನ್ನವಾಗಿ ಕೈಗೊಳ್ಳಬಹುದು. ಒಂಬತ್ತು ದಿನಗಳ ಒಗ್ಗಿಸುವ ಕೆಲಸವನ್ನು ಮಾಡಲು ಎಲ್ಲ ಸಾಕಣೆದಾರರಿಗೂ ಸಮಯವಿರುವುದಿಲ್ಲ. 2020ರಲ್ಲಿ ಆರಂಭಗೊಂಡ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ, ಸಿಹಿನೀರು ಮತ್ತು ಸಮುದ್ರದ ಮೀನು ಎರಡಕ್ಕೂ ಅನ್ವಯವಾಗುವಂತೆ, ರೂ. 3 ಲಕ್ಷ ಘಟಕ ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗದವರಿಗೆ ಶೇ. 40 ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60ರ ಸಹಾಯಧನ ಗೊತ್ತುಪಡಿಸಲಾಗಿತ್ತು. ಯೋಜನೆಗಳ ಅವಧಿ ಹಾಗೂ ಗುರಿಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅರ್ಜಿದಾರರು ತೊಟ್ಟಿ, ಪಂಪ್ ಮುಂತಾದವುಗಳಿಗೆ ಹಣ ತೊಡಗಿಸುವ ಮುನ್ನ ಪ್ರಸ್ತುತ ಜಾರಿಯಲ್ಲಿರುವ ಯೋಜನೆ, ಸಹಾಯಧನದ ಪ್ರಮಾಣ ಹಾಗೂ ಸಲ್ಲಿಸಬೇಕಾದ ದಾಖಲೆಗಳ ಬಗ್ಗೆ ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಿ ಖಚಿತಪಡಿಸಿಕೊಳ್ಳತಕ್ಕದ್ದು.